ಅಗ್ನಿಭಯವೂ ಅಂಗಡಿಯ ಲೆಕ್ಕವೂ

ವ್ಯಾಪಾರವು ಮೇಲ್ನೋಟಕ್ಕೆ ಸರಕಿನ ವಿನಿಮಯವಾಗಿ ಕಂಡರೂ ಅದನ್ನು ಒಳಗಿನಿಂದ ಹಿಡಿದು ನಿಲ್ಲಿಸಿರುವುದು ಲೆಕ್ಕದ ಸ್ಮರಣೆ. ಯಾರಿಂದ ಎಷ್ಟು ಬಂದಿತು, ಯಾರಿಗೆ ಎಷ್ಟು ಸಂದಿತು, ಯಾರ ಬಾಕಿ ಎಷ್ಟು ಉಳಿಯಿತು ಎಂಬುದು ತಿಳಿದಿರುವವರೆಗೆ ಅಂಗಡಿಯಲ್ಲಿ ಸರಕು ತೀರಿದರೂ ಮತ್ತೆ ತರಿಸಬಹುದು. ಆ ತಿಳಿವಳಿಕೆಯೇ ಅಳಿದುಹೋದರೆ ಕಪಾಟುಗಳು ತುಂಬಿದ್ದರೂ ವ್ಯವಹಾರ ಮುಂದೆ ಸಾಗದು. ಈ ಸತ್ಯವನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಬಳಿದು ಗಟ್ಟಿ ಮಾಡಿದ ಬಟ್ಟೆಯ ಕಡತಗಳಲ್ಲಿ ಬಳಪದಿಂದ ಲೆಕ್ಕ ಬರೆದಿಡುವ ಪದ್ಧತಿ ಕನ್ನಡ ನಾಡಿನಲ್ಲಿ ಬಹುಕಾಲ ನಡೆದುಬಂದಿತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿವೆ. ಕಡತಗಳ ಬಳಿಕ ಕೆಂಪು ಬಟ್ಟೆ ಹೊದಿಸಿದ ಕಿರ್ದಿ, ಖಾತೆ ಪುಸ್ತಕಗಳು ಬಂದವು. ದೀಪಾವಳಿಯ ಸಂಜೆ ಅವುಗಳಿಗೆ ಅರಿಸಿನ ಕುಂಕುಮವಿಟ್ಟು ಲಕ್ಷ್ಮಿಯೊಡನೆ ಪೂಜಿಸುವ ವಾಡಿಕೆ ಬೆಳೆಯಿತು.

ಕಳೆದ ಮೂರು ನಾಲ್ಕು ದಶಕಗಳಲ್ಲಿ ಆ ಪುಸ್ತಕಗಳ ಸ್ಥಾನಕ್ಕೆ ಗಣಕಯಂತ್ರ ಬಂದು ಕುಳಿತಿದೆ. ೧೯೮೬ರಲ್ಲಿ ಆರಂಭಗೊಂಡು ಬೆಂಗಳೂರಿನಲ್ಲಿ ನೆಲೆನಿಂತ ಸಂಸ್ಥೆಯೊಂದು ರೂಪಿಸಿದ 'ಟ್ಯಾಲಿ' ಎಂಬ ಲೆಕ್ಕದ ಸಾಫ್ಟ್‌ವೇರ್ ಇಂದು ದೇಶದ ಮೂಲೆಮೂಲೆಯ ಅಂಗಡಿಗಳಲ್ಲಿದೆ. ದಲಾಲಿ ಅಂಗಡಿ, ಜವಳಿ ಅಂಗಡಿ, ಔಷಧದ ಅಂಗಡಿ, ಜಿನ್ನಿಂಗ್ ಕಾರ್ಖಾನೆ, ಸಹಕಾರಿ ಪತ್ತಿನ ಸಂಘ, ಶಾಲೆ, ಪ್ರಸಾದನಿಲಯ ಎಲ್ಲವುಗಳ ಲೆಕ್ಕವೂ ಈಗ ಅಂಗೈಯಗಲದ ಒಂದು ತಟ್ಟೆಯೊಳಗೆ ಅಡಗಿದೆ. ಹಬ್ಬದ ದಿನ ಕುಂಕುಮವೂ ಈಗ ಆ ಯಂತ್ರದ ನೆತ್ತಿಗೇ ಸಲ್ಲುತ್ತಿದೆ. ಆದರೆ ಪೂಜೆ ವರ್ಗಾವಣೆಯಾದಷ್ಟು ಸುಲಭವಾಗಿ ಎಚ್ಚರಿಕೆ ವರ್ಗಾವಣೆಯಾಗಲಿಲ್ಲ. ಪುಸ್ತಕಕ್ಕೆ ಬೆಂಕಿಯ ಭಯವಿತ್ತೆಂಬುದು ಎಲ್ಲರಿಗೂ ತಿಳಿದಿತ್ತು. ಗಣಕಯಂತ್ರದ ಲೆಕ್ಕಕ್ಕೆ ಅದಕ್ಕಿಂತಲೂ ಹೆಚ್ಚಿನ ಭಯವಿದೆಯೆಂಬುದು ಇನ್ನೂ ಅನೇಕರ ಅರಿವಿಗೆ ಬಂದಿಲ್ಲ. ವ್ಯಾಪಾರಸ್ಥ ಕುಟುಂಬಗಳಿಗೆ ಈ ಅರಿವು ಉಪಯುಕ್ತವಾದೀತೆಂಬ ಭಾವನೆಯಿಂದ ಪ್ರಸ್ತುತ ವಿಷಯವನ್ನು ಇಲ್ಲಿ ತುಸು ವಿಸ್ತಾರವಾಗಿ ವಿವೇಚಿಸಲಾಗಿದೆ.

ಕಾಗದಕ್ಕಿಂತ ಸೂಕ್ಷ್ಮ

ಬೆಂಕಿಯಲ್ಲಿ ಕಾಗದ ಬೇಗ ನಾಶವಾಗುವುದೆಂದೂ ಲೋಹದ ಕವಚದೊಳಗಿನ ಡಿಸ್ಕ್ ಹೆಚ್ಚು ಕಾಲ ತಾಳುವುದೆಂದೂ ಸಾಮಾನ್ಯ ಜನರ ಊಹೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಪರೀಕ್ಷಾ ಸಂಸ್ಥೆಯು ಬೆಂಕಿ ತಾಳುವ ಪೆಟ್ಟಿಗೆಗಳಿಗಾಗಿ ಒಂದು ಮಾನಕವನ್ನು ರೂಪಿಸಿದೆ. ಅದರ ಪ್ರಕಾರ ಕಾಗದವನ್ನು ಇಡುವ ಪೆಟ್ಟಿಗೆಯ ಒಳಗಿನ ಉಷ್ಣತೆ ಸುಮಾರು ೧೭೭ ಡಿಗ್ರಿ ಸೆಲ್ಸಿಯಸ್ ಮೀರಬಾರದು. ಕಾಂತೀಯ ಟೇಪುಗಳ ಪೆಟ್ಟಿಗೆಯಲ್ಲಿ ಈ ಮಿತಿ ಸುಮಾರು ೬೬ ಡಿಗ್ರಿಗೆ ಇಳಿಯುತ್ತದೆ. ಗಣಕಯಂತ್ರದ ಡಿಸ್ಕುಗಳಿಗೆ ಅದು ಸುಮಾರು ೫೨ ಡಿಗ್ರಿ ಮಾತ್ರ. ಅದರ ಜೊತೆಗೆ ಒಳಗಿನ ಆರ್ದ್ರತೆಯೂ ಶೇಕಡಾ ೮೦ನ್ನು ದಾಟಕೂಡದು. ಕಲಬುರಗಿ, ರಾಯಚೂರುಗಳ ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗಿನ ಸೆಕೆಯನ್ನು ಬಲ್ಲವರಿಗೆ ೫೨ ಡಿಗ್ರಿಯೆಂದರೆ ಎಷ್ಟು ಅಲ್ಪವೆಂಬುದು ತಾನೇ ಹೊಳೆಯುತ್ತದೆ. ಕಟ್ಟಡದ ಬೆಂಕಿಯ ತಾಪವೋ, ಪರೀಕ್ಷಾಲಯಗಳ ಗಣನೆಯಂತೆ, ಒಂದು ಗಂಟೆಯ ಅವಧಿಯಲ್ಲಿ ೯೦೦ ಡಿಗ್ರಿಯನ್ನು ಮೀರುತ್ತದೆ.

ಜ್ವಾಲೆ ಯಂತ್ರವನ್ನು ಮುಟ್ಟಲೇಬೇಕೆಂಬ ನಿಯಮವೂ ಇಲ್ಲ. ವಿದ್ಯುತ್ ತಂತಿಗಳ ಹೊದಿಕೆಯಲ್ಲಿರುವ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಅನಿಲ ಹೊರಬೀಳುತ್ತದೆ. ತೇವ ತಾಗಿದೊಡನೆ ಅದು ಆಮ್ಲವಾಗಿ ಪರಿಣಮಿಸಿ ಯಂತ್ರದ ಸೂಕ್ಷ್ಮ ಲೋಹಪಥಗಳನ್ನು ಕೊರೆಯತೊಡಗುತ್ತದೆ. ಪಕ್ಕದ ಕೋಣೆಯಲ್ಲಿ ಹೊತ್ತಿದ ಬೆಂಕಿಯ ಹೊಗೆಯೂ ಹೀಗೆ ಈ ಕೋಣೆಯ ಗಣಕಯಂತ್ರವನ್ನು ಕೆಲವೇ ದಿನಗಳಲ್ಲಿ ನಿರುಪಯುಕ್ತಗೊಳಿಸಬಲ್ಲುದು. ಇನ್ನು ಅಗ್ನಿಶಾಮಕ ದಳದವರು ಹಾಯಿಸುವ ನೀರಿನಿಂದಾಗುವ ಹಾನಿ ಬೇರೆ. ಆದಕಾರಣ ತಾಪ, ಹೊಗೆ, ನೀರು ಈ ಮೂರನ್ನೂ ಒಟ್ಟಿಗೆ ಎಣಿಸಿದಾಗಲೇ ಅಗ್ನಿಭಯದ ನಿಜವಾದ ಲೆಕ್ಕ ಸಿಗುತ್ತದೆ.

ತಿಜೋರಿಯ ಮೇಲಿನ ವಿಶ್ವಾಸ

ಅನೇಕ ಮಾಲೀಕರು ದಿನದ ಕೊನೆಯಲ್ಲಿ ಲೆಕ್ಕದ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಇಳಿಸಿ, ಗಲ್ಲಾಪೆಟ್ಟಿಗೆಯ ಹಣದೊಡನೆ ತಿಜೋರಿಯಲ್ಲಿಟ್ಟು ಬೀಗ ಹಾಕಿ ನಿಶ್ಚಿಂತರಾಗುತ್ತಾರೆ. ಅವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಪೇಟೆಯಲ್ಲಿ ದೊರೆಯುವ ಬಹುಪಾಲು ತಿಜೋರಿಗಳು ಕಳ್ಳರನ್ನು ತಡೆಯಲು ನಿರ್ಮಿತವಾದವು. ದಪ್ಪನೆಯ ಉಕ್ಕು ಸುತ್ತಿಗೆಯ ಪೆಟ್ಟನ್ನು ತಡೆಯುತ್ತದೆ, ಶಾಖವನ್ನಾದರೋ ಒಳಗೆ ಬಿಟ್ಟುಕೊಡುತ್ತದೆ.

ಎರಡನೆಯ ಸಂಗತಿ ಇನ್ನೂ ಸ್ವಾರಸ್ಯಕರ. ಬೆಂಕಿ ತಾಳುವ ತಿಜೋರಿಗಳ ಗೋಡೆಯೊಳಗೆ ಜಿಪ್ಸಮ್ ಮುಂತಾದ ಪದಾರ್ಥಗಳನ್ನು ತುಂಬಿರುತ್ತಾರೆ. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ನೀರು, ಹರಳಿನೊಳಗೆ ಬಂಧಿತವಾಗಿರುತ್ತದೆ. ಶಾಖ ತಗುಲಿದಾಗ ಈ ನೀರು ಬಿಡುಗಡೆಯಾಗಿ ಆವಿಯಾಗುತ್ತದೆ. ನೀರು ಆವಿಯಾಗಲು ಬಹಳ ಶಾಖ ಬೇಕಾದುದರಿಂದ ಒಳಗಿನ ತಾಪ ಏರುವುದು ತಡವಾಗುತ್ತದೆ. ಆ ಹಬೆಯಲ್ಲಿ ಕಾಗದ ತೇವಗೊಂಡರೂ ಅಕ್ಷರ ಉಳಿಯುತ್ತದೆ, ಒಣಗಿಸಿ ಓದಬಹುದು. ಆದರೆ ಅದೇ ಹಬೆ ಡಿಸ್ಕಿಗೂ ಪೆನ್‌ಡ್ರೈವಿಗೂ ಮಾರಕವಾಗುತ್ತದೆ. ಕ್ರಯಪತ್ರವನ್ನು ಉಳಿಸಿದ ತಿಜೋರಿಯೇ ಲೆಕ್ಕದ ಡಿಸ್ಕನ್ನು ಬೇಯಿಸಿಬಿಡುವುದು ಹೀಗೆ. ಗಣಕ ಮಾಧ್ಯಮಗಳಿಗೆಂದೇ ತಯಾರಾದ ಪ್ರತ್ಯೇಕ ಪೆಟ್ಟಿಗೆಗಳುಂಟು. ಅವುಗಳಲ್ಲಿ ಶಾಖದೊಡನೆ ತೇವವನ್ನೂ ತಡೆಯುವ ಏರ್ಪಾಡು ಇರುತ್ತದೆ. ಖರೀದಿಸುವವರು ಪೆಟ್ಟಿಗೆಯ ಮೇಲಿನ ಪ್ರಮಾಣಪತ್ರವನ್ನು ಓದಿ, ಅದು ಕಾಗದಕ್ಕೋ ಡಿಸ್ಕಿಗೋ, ಎಷ್ಟು ಗಂಟೆಗಳ ಬೆಂಕಿಗೆ ಎಂಬುದನ್ನು ವಿಚಾರಿಸಿ ಕೊಳ್ಳಬೇಕು. ಅಷ್ಟಾದರೂ ಅದು ಕೊಡುವ ರಕ್ಷಣೆ ಒಂದೆರಡು ಗಂಟೆಗಳದು. ಅದಕ್ಕಿಂತ ದೀರ್ಘಕಾಲ ಉರಿಯುವ ಬೆಂಕಿಯೂ ಉಂಟು, ಚಾವಣಿ ಕುಸಿದು ಬೀಳುವುದೂ ಉಂಟು. ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ ಬೆಂಕಿ ಬಿದ್ದ ಕಟ್ಟಡದ ಒಳಗೇ ಇರುತ್ತದೆಂಬುದನ್ನು ಮರೆಯಲಾಗದು.

ಒಂದೇ ಸೂರಿನಡಿಯ ಎರಡು ಪ್ರತಿಗಳು

ಸಣ್ಣ ಅಂಗಡಿಯವರು ಮಾತ್ರ ಹೀಗೆ ಮೈಮರೆಯುತ್ತಾರೆ, ದೊಡ್ಡವರಲ್ಲಿ ಇಂಥದು ನಡೆಯದು ಎಂದು ಭಾವಿಸಬೇಕಾಗಿಲ್ಲ. ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ, ರೈನ್ ನದಿಯ ಬಂದರು ಪ್ರದೇಶದಲ್ಲಿ, ಓ.ವಿ.ಎಚ್. ಎಂಬ ಪ್ರಸಿದ್ಧ ಸಂಸ್ಥೆಯ ದತ್ತಾಂಶ ಕೇಂದ್ರಗಳಿದ್ದವು. ಸಾವಿರಾರು ವ್ಯಾಪಾರ ಸಂಸ್ಥೆಗಳು ಅಲ್ಲಿ ತಮ್ಮ ಲೆಕ್ಕಪತ್ರ, ಗ್ರಾಹಕರ ಪಟ್ಟಿ, ಜಾಲತಾಣಗಳನ್ನು ಇರಿಸಿದ್ದವು. ೨೦೨೧ರ ಮಾರ್ಚ್ ೧೦ರಂದು ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ ಅಲ್ಲಿನ ಒಂದು ಕಟ್ಟಡಕ್ಕೆ ಬೆಂಕಿ ಹತ್ತಿತು. ಐದು ಅಂತಸ್ತುಗಳ ಆ ಕಟ್ಟಡ ಬೆಳಗಾಗುವುದರೊಳಗೆ ಸಂಪೂರ್ಣ ನಾಶವಾಯಿತು. ಪಕ್ಕದ ಕಟ್ಟಡದ ಒಂದು ಭಾಗವೂ ಸುಟ್ಟಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲವೆಂಬುದು ಸಮಾಧಾನದ ಸಂಗತಿ.

ಮರುದಿನದಿಂದ ಗ್ರಾಹಕರಲ್ಲಿ ಎರಡು ಪಂಗಡಗಳು ಎದ್ದುಕಂಡವು. ಬೇರೆ ಊರಿನಲ್ಲಿ ಪ್ರತಿ ಇರಿಸಿದ್ದವರು ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಕೆಲಸಕ್ಕೆ ಮರಳಿದರು. ಅಲ್ಲಿಯೇ ಪ್ರತಿ ಇರಿಸಿದ್ದವರಿಗೆ ಮೂಲವೂ ಹೋಯಿತು, ಪ್ರತಿಯೂ ಹೋಯಿತು. ಹಣ ತೆತ್ತು ಪ್ರತಿರಕ್ಷಣೆಯ ಸೇವೆಯನ್ನು ಪಡೆದಿದ್ದ ಒಂದು ಸಂಸ್ಥೆಗೆ, ತನ್ನ ಪ್ರತಿಯೂ ಮೂಲವಿದ್ದ ಕಟ್ಟಡದಲ್ಲಿಯೇ ಇತ್ತೆಂಬುದು ಬೆಂಕಿಯ ಬಳಿಕ ತಿಳಿಯಿತು. ಆ ಸಂಸ್ಥೆ ನ್ಯಾಯಾಲಯದ ಮೊರೆ ಹೋಯಿತು. ೨೦೨೩ರಲ್ಲಿ ಲಿಲ್ ನಗರದ ವಾಣಿಜ್ಯ ನ್ಯಾಯಾಲಯ ಅದರ ಪರವಾಗಿ ತೀರ್ಪಿತ್ತು ಪರಿಹಾರ ಕೊಡಿಸಿತು. ಆದರೆ ನ್ಯಾಯಾಲಯ ಕೊಡಿಸಬಲ್ಲುದು ಹಣವನ್ನು. ಸುಟ್ಟ ದತ್ತಾಂಶವನ್ನು ಯಾವ ನ್ಯಾಯಾಲಯವೂ ಮರಳಿ ಕೊಡಿಸಲಾರದು.

ಇನ್ನೂ ಸಮೀಪ ಕಾಲದ ಉದಾಹರಣೆ ದಕ್ಷಿಣ ಕೊರಿಯಾದ್ದು. ತಂತ್ರಜ್ಞಾನದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ಆ ದೇಶದ ಡೇಜಿಯಾನ್ ನಗರದಲ್ಲಿ ಸರ್ಕಾರದ ರಾಷ್ಟ್ರೀಯ ದತ್ತಾಂಶ ಕೇಂದ್ರವಿದೆ. ೨೦೨೫ರ ಸೆಪ್ಟೆಂಬರ್ ೨೬ರ ಸಂಜೆ ಅಲ್ಲಿಯ ಐದನೆಯ ಮಹಡಿಯಲ್ಲಿ, ಸರ್ವರ್‌ಗಳ ಸಮೀಪದಲ್ಲಿಯೇ ಇದ್ದ ಲಿಥಿಯಂ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕಾರ್ಯ ನಡೆದಿದ್ದಾಗ ಬೆಂಕಿ ಹೊತ್ತಿತು. ಅದನ್ನು ಪೂರ್ತಿ ಆರಿಸಲು ಸುಮಾರು ೨೨ ಗಂಟೆಗಳು ಹಿಡಿದವು. ಆರುನೂರಕ್ಕೂ ಹೆಚ್ಚಿನ ಸರ್ಕಾರಿ ಗಣಕ ವ್ಯವಸ್ಥೆಗಳು ಸ್ಥಗಿತಗೊಂಡವು. ಅವುಗಳಲ್ಲಿ ಬಹುಪಾಲು ಮರಳಿ ಚೇತರಿಸಿಕೊಂಡರೂ, ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇರಿಸಿದ್ದ 'ಜಿ-ಡ್ರೈವ್' ಎಂಬ ಭಂಡಾರದಲ್ಲಿದ್ದ ೮೫೮ ಟೆರಾಬೈಟ್ ಮಾಹಿತಿ ಬೂದಿಯಾಯಿತು. ಅದಕ್ಕೆ ಹೊರಗೆಲ್ಲಿಯೂ ಪ್ರತಿ ಇರಲಿಲ್ಲ. ಭಂಡಾರ ಬಹಳ ದೊಡ್ಡದು, ಅಷ್ಟನ್ನು ನಕಲಿಸಿಡುವುದು ಕಷ್ಟ ಎಂಬುದು ಅದಕ್ಕೆ ಕೊಟ್ಟ ಕಾರಣ. ಹೆಚ್ಚು ಸಂಗ್ರಹವಿದ್ದಷ್ಟೂ ಹೆಚ್ಚು ಕಳೆದುಕೊಳ್ಳುವ ಭಯವಿದೆಯೆಂಬುದನ್ನು ಯೋಚಿಸಿದಾಗ, ಆ ಕಾರಣವೇ ಪ್ರತಿ ತೆಗೆದಿರಿಸಲು ಪ್ರೇರಣೆಯಾಗಬೇಕಿತ್ತು.

ಈ ಎರಡು ಘಟನೆಗಳಿಂದ ತಿಳಿಯತಕ್ಕ ತತ್ತ್ವ ಒಂದೇ. ಬೆಂಕಿಯಿಂದ ಲೆಕ್ಕವನ್ನು ಕಾಯುವುದು ಪೆಟ್ಟಿಗೆಯ ದಪ್ಪವಲ್ಲ, ಪ್ರತಿಯ ದೂರ. ಒಂದೇ ಸೂರಿನಡಿಯಲ್ಲಿ ಎಷ್ಟು ಪ್ರತಿಗಳಿದ್ದರೂ ಬೆಂಕಿಯ ದೃಷ್ಟಿಯಲ್ಲಿ ಅವೆಲ್ಲ ಒಂದೇ.

ದೂರದ ಪ್ರತಿ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ವಿಷಯ. ಅದನ್ನು ಶಾಸ್ತ್ರದಾನವೆಂದು ಕೊಂಡಾಡುತ್ತೇವೆ. ಪುಣ್ಯದ ಮಾತು ಹಾಗಿರಲಿ, ಅದರಲ್ಲಿ ಅಡಗಿರುವ ವಿವೇಕವನ್ನೂ ಗಮನಿಸಬೇಕು. ಓಲೆಗೆ ಹುಳು, ನೀರು, ಬೆಂಕಿ ಮೂರರ ಭಯವೂ ಇತ್ತು. ಸಾವಿರ ಪ್ರತಿಗಳು ಒಂದೇ ಭಂಡಾರದಲ್ಲಿ ಕುಳಿತಿದ್ದರೆ ಒಂದೇ ಕಿಡಿ ಸಾಕಿತ್ತು. ಅವು ಊರೂರಿಗೆ ಹಂಚಿಹೋದುದರಿಂದ ಕೃತಿಗೆ ರಕ್ಷೆ ದೊರೆಯಿತು. ಇಂದಿನ ಗಣಕ ತಜ್ಞರು ಹೇಳುವ 'ಮೂರು-ಎರಡು-ಒಂದು' ಎಂಬ ನಿಯಮ ಈ ವಿವೇಕದ ಹೊಸ ರೂಪವೇ ಸರಿ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಈ ಶತಮಾನದ ಮೊದಲ ದಶಕದಲ್ಲಿ ಇದನ್ನು ಪ್ರಚುರಪಡಿಸಿದರು. ಮಾಹಿತಿಯ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿರಲಿ ಎಂಬುದು ಅದರ ತಾತ್ಪರ್ಯ.

ನಮ್ಮ ಊರುಗಳ ಪರಿಸ್ಥಿತಿಗೆ ಇದನ್ನು ಅನ್ವಯಿಸುವಾಗ 'ಬೇರೆ ಸ್ಥಳ' ಎಂಬ ಮಾತಿನ ಅರ್ಥವನ್ನು ಜಾಗರೂಕತೆಯಿಂದ ನಿಶ್ಚಯಿಸಬೇಕು. ನಮ್ಮ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವುದು ಸಾಮಾನ್ಯ. ಅಂಗಡಿಯ ಪ್ರತಿಯನ್ನು ಮನೆಗೆ ಒಯ್ದಿಟ್ಟರೂ ಅದು ಏರಿದ್ದು ಒಂದು ಮೆಟ್ಟಿಲಸಾಲನ್ನು ಮಾತ್ರ. ಅಂಗಡಿಯ ಹಿಂಭಾಗದ ಗೋದಾಮು, ಪಕ್ಕದ ಸಾಲಿನ ಅಣ್ಣತಮ್ಮಂದಿರ ಅಂಗಡಿ, ಒಂದೇ ಗೋಡೆಯನ್ನು ಹಂಚಿಕೊಂಡ ಮಳಿಗೆ ಇವು ಯಾವುವೂ ಬೇರೆ ಸ್ಥಳಗಳಲ್ಲ. ಬೇರೆ ಓಣಿಯ ಮನೆ ಆದೀತು, ಬೇರೆ ಊರು ಉತ್ತಮ.

ಅನುಸರಿಸಲು ಸುಲಭವಾದ ಕ್ರಮವೊಂದನ್ನು ಹೀಗೆ ಹೇಳಬಹುದು. ದಿನದ ವಹಿವಾಟು ಮುಗಿದೊಡನೆ ಲೆಕ್ಕದ ಸಾಫ್ಟ್‌ವೇರ್‌ನಲ್ಲಿರುವ ಬ್ಯಾಕಪ್ ಸೌಲಭ್ಯದಿಂದ ಒಂದು ಪ್ರತಿ ತೆಗೆಯಬೇಕು. ಎರಡು ಹಾರ್ಡ್ ಡಿಸ್ಕುಗಳನ್ನು ಇಟ್ಟುಕೊಂಡು ಒಂದು ಅಂಗಡಿಯಲ್ಲಿರುವಾಗ ಇನ್ನೊಂದು ಹೊರಗಿರುವಂತೆ, ವಾರಕ್ಕೊಮ್ಮೆ ಅಂಗಡಿಯ ರಜೆಯ ದಿನ ಅವುಗಳನ್ನು ಅದಲುಬದಲು ಮಾಡಬೇಕು. ಎರಡೂ ಡಿಸ್ಕುಗಳು ಒಂದು ಗಳಿಗೆಯೂ ಅಂಗಡಿಯ ಸೂರಿನಡಿ ಒಟ್ಟಿಗೆ ಸೇರದಂತೆ ಹೊಸದನ್ನು ಒಯ್ದು ಮುಟ್ಟಿಸಿದ ಮೇಲೆ ಹಳೆಯದನ್ನು ತರುವುದು ಲೇಸು. ಪ್ರತಿ ತೆಗೆದೊಡನೆ ಡಿಸ್ಕನ್ನು ಗಣಕಯಂತ್ರದಿಂದ ಬಿಡಿಸಬೇಕು. ಸದಾ ಅಂಟಿಕೊಂಡಿರುವ ಡಿಸ್ಕು ಯಂತ್ರಕ್ಕೊದಗುವ ಎಲ್ಲ ಆಪತ್ತುಗಳಿಗೂ ಪಾಲುದಾರನಾಗುತ್ತದೆ. ಮೂರನೆಯ ಪ್ರತಿಗೆ 'ಕ್ಲೌಡ್' ಎಂದು ಕರೆಯುವ ವ್ಯವಸ್ಥೆ, ಅಂದರೆ ದೂರದ ಸರ್ವರ್‌ನಲ್ಲಿ ಬಾಡಿಗೆಗೆ ದೊರೆಯುವ ಜಾಗ, ಅನುಕೂಲಕರ. ಆದರೆ ಬಾಡಿಗೆ ಕೊಡುವ ಮುನ್ನ ಪ್ರತಿ ಎಲ್ಲಿರುತ್ತದೆ, ಮೂಲ ಅಳಿಸಿಹೋದರೆ ಪ್ರತಿಯೂ ತಾನಾಗಿ ಅಳಿಯುತ್ತದೆಯೇ, ಹಿಂದಿನ ದಿನಗಳ ಪ್ರತಿಗಳು ಉಳಿಯುತ್ತವೆಯೇ ಎಂಬ ಪ್ರಶ್ನೆಗಳನ್ನು ಕೇಳಿ ಲಿಖಿತ ಉತ್ತರ ಪಡೆಯಬೇಕು. ಸ್ಟ್ರಾಸ್‌ಬರ್ಗ್‌ನ ಗ್ರಾಹಕರು ಕೇಳದೆ ಉಳಿದದ್ದು ಇವುಗಳಲ್ಲಿ ಮೊದಲನೆಯ ಪ್ರಶ್ನೆಯನ್ನೇ.

ಹೊರಗೆ ಹೋಗುವ ಪ್ರತಿಗೆ ಸಂಕೇತಪದದ ಬೀಗವಿರಲಿ. ಇಲ್ಲವಾದರೆ ಬೆಂಕಿಯಿಂದ ಉಳಿದ ಲೆಕ್ಕ ಪರರ ಕೈಸೇರೀತು. ಆ ಸಂಕೇತಪದ ಗುಮಾಸ್ತನೊಬ್ಬನ ತಲೆಯಲ್ಲಿ ಮಾತ್ರ ಇರಕೂಡದು. ಕುಟುಂಬದ ಇಬ್ಬರು ವಿಶ್ವಾಸಾರ್ಹರಿಗಾದರೂ ಅದು ತಿಳಿದಿರಬೇಕು. ಈ ವಿಷಯದಲ್ಲಿ ಮನೆಯ ಹೆಣ್ಣುಮಕ್ಕಳ ಪಾತ್ರ ಹಿರಿದಾಗಬಲ್ಲುದು. ಮನೆಯ ಆಭರಣ, ದಸ್ತಾವೇಜುಗಳನ್ನು ತಲೆಮಾರುಗಳಿಂದ ಜೋಪಾನ ಮಾಡಿಕೊಂಡು ಬಂದವರು ಅವರು. ಬೇರೆ ಊರಿನಲ್ಲಿರುವ ಮಗಳ ಮನೆಯೋ ಅಕ್ಕನ ಮನೆಯೋ ಅಂಗಡಿಯ ಲೆಕ್ಕಕ್ಕೆ ಅತ್ಯುತ್ತಮ ಭಂಡಾರವಾದೀತು. ಹಬ್ಬಹರಿದಿನಗಳಿಗೆ ಹೋಗಿಬರುವಾಗ ಒಂದು ಡಿಸ್ಕನ್ನು ಒಯ್ದು ಹಳೆಯದನ್ನು ತರುವುದು ಯಾರಿಗೂ ಭಾರವಲ್ಲ.

ಕೊನೆಯದಾಗಿ, ತೆಗೆದ ಪ್ರತಿ ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸುವುದು ಅತ್ಯವಶ್ಯ. ಮೂರು ತಿಂಗಳಿಗೊಮ್ಮೆಯಾದರೂ ಬೇರೊಂದು ಗಣಕಯಂತ್ರದಲ್ಲಿ ಆ ಪ್ರತಿಯನ್ನು ತೆರೆದು, ಹಿಂದಿನ ತಿಂಗಳ ಶಿಲ್ಕು ಸರಿಹೊಂದುವುದೋ ನೋಡಬೇಕು. ಬಿತ್ತನೆಯ ಬೀಜವನ್ನು ಮೊಳಕೆ ಬರಿಸಿ ನೋಡದೆ ರೈತ ಹೊಲಕ್ಕೆ ಒಯ್ಯುವುದಿಲ್ಲ. ತೆರೆದು ನೋಡದ ಪ್ರತಿಯ ಮೇಲೆ ಭರವಸೆಯಿಡುವುದು ಅದಕ್ಕಿಂತ ಮಿಗಿಲಾದ ಸಾಹಸ.

ಕಾಯಿದೆಯೂ ವಿಮೆಯೂ

ಇದು ಕೇವಲ ವಿವೇಕದ ಮಾತಲ್ಲ, ಕಾಯಿದೆಯ ಮಾತೂ ಆಗಿದೆ. ಸರಕು ಮತ್ತು ಸೇವಾ ತೆರಿಗೆಯ ನಿಯಮಾವಳಿಯ ೫೭ನೆಯ ನಿಯಮವು, ಗಣಕಯಂತ್ರದಲ್ಲಿ ಲೆಕ್ಕವಿಡುವವರು ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ದಾಖಲೆ ನಾಶವಾದರೆ ಯುಕ್ತ ಕಾಲಾವಧಿಯಲ್ಲಿ ಮರಳಿ ಪಡೆಯುವಂತೆ ಪ್ರತಿಯನ್ನು ಕಾದಿರಿಸಬೇಕೆಂದು ವಿಧಿಸುತ್ತದೆ. ಆ ತೆರಿಗೆಯ ಕಾಯಿದೆಯ ೩೬ನೆಯ ಕಲಮಿನಂತೆ, ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕಡೆಯ ದಿನದಿಂದ ೭೨ ತಿಂಗಳ ಕಾಲ ಲೆಕ್ಕವನ್ನು ಸಂರಕ್ಷಿಸಬೇಕು. ಕಂಪನಿಯಾಗಿ ನೋಂದಾಯಿತರಾದವರಿಗೆ ನಿಯಮ ಇನ್ನೂ ಬಿಗಿ. ೨೦೧೪ರ ಕಂಪನಿ ಲೆಕ್ಕಗಳ ನಿಯಮಾವಳಿಯು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿ ಇರಿಸಬೇಕೆಂದು ವಿಧಿಸಿದೆ. ಅದನ್ನು ಪ್ರತಿದಿನವೂ ಮಾಡಬೇಕೆಂದು ೨೦೨೨ರಲ್ಲಿ ತಿದ್ದುಪಡಿಯಾಯಿತು.

ವಿಮೆ ಇದೆಯಲ್ಲ ಎಂದು ಸಮಾಧಾನಪಡುವವರು ತಮ್ಮ ಪತ್ರವನ್ನು ಒಮ್ಮೆ ಓದಿ ನೋಡಬೇಕು. ನಮ್ಮ ದೇಶದಲ್ಲಿ ಬಹುಕಾಲ ರೂಢಿಯಲ್ಲಿರುವ ಸಾಮಾನ್ಯ ಅಗ್ನಿವಿಮಾ ಪತ್ರದಲ್ಲಿ, ವಿಶೇಷವಾಗಿ ನಮೂದಿಸದ ಹೊರತು, ಲೆಕ್ಕದ ಪುಸ್ತಕಗಳೂ ಗಣಕಯಂತ್ರದ ದಾಖಲೆಗಳೂ ರಕ್ಷಣೆಯಿಂದ ಹೊರಗುಳಿಯುತ್ತವೆ. ಮತ್ತೊಂದು ತೊಡಕೂ ಉಂಟು. ಅಂಗಡಿ ಸುಟ್ಟ ಮೇಲೆ ಸಮೀಕ್ಷಕರು ಬಂದು, ಎಷ್ಟು ಸರಕಿತ್ತೆಂಬುದಕ್ಕೆ ಖರೀದಿ ಬಿಲ್ಲು, ದಾಸ್ತಾನು ಪಟ್ಟಿಗಳನ್ನು ಕೇಳುತ್ತಾರೆ. ಸರಕಿನೊಡನೆ ಅದರ ಸಾಕ್ಷಿಯೂ ಸುಟ್ಟಿದ್ದರೆ ನ್ಯಾಯವಾದ ಪರಿಹಾರವನ್ನು ಪಡೆಯುವುದೂ ದುಸ್ಸಾಧ್ಯವಾಗುತ್ತದೆ. ದೂರದ ಊರಿನಲ್ಲಿರುವ ಒಂದು ಡಿಸ್ಕು ಆಗ ಇಡೀ ಅಂಗಡಿಯ ಬೆಲೆ ಬಾಳುತ್ತದೆ.

ಕಿಡಿ ಹುಟ್ಟುವ ಎಡೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ಆದುದರಿಂದ ಪ್ರತಿಯ ಏರ್ಪಾಡಿನ ಜೊತೆಗೆ ಕಿಡಿಯೇ ಹುಟ್ಟದಂತೆ ನೋಡಿಕೊಳ್ಳುವ ವಿಚಾರವನ್ನೂ ಹೇಳಬೇಕು. ಅಂಗಡಿಗಳಲ್ಲಿ ಒಂದೇ ಸಾಕೆಟ್ಟಿಗೆ ಗಣಕಯಂತ್ರ, ಫ್ಯಾನು, ಮುದ್ರಣಯಂತ್ರ, ಫೋನುಗಳನ್ನೆಲ್ಲ ಜೋತುಹಾಕುವುದು ಬಿಡಬೇಕಾದ ಅಭ್ಯಾಸ. ಸಡಿಲವಾದ ಪ್ಲಗ್ಗು ಬಿಸಿಯಾಗುತ್ತಿದ್ದರೆ ಅದು ಎಚ್ಚರಿಕೆಯೆಂದೇ ತಿಳಿಯಬೇಕು. ಯು.ಪಿ.ಎಸ್. ಮತ್ತು ಇನ್ವರ್ಟರ್‌ಗಳ ಬ್ಯಾಟರಿಗಳನ್ನು ಗಣಕಯಂತ್ರದಿಂದಲೂ ಕಾಗದದ ಕಟ್ಟುಗಳಿಂದಲೂ ದೂರವಾಗಿ, ಗಾಳಿಯಾಡುವ ಕಡೆ ಇರಿಸಬೇಕು. ಅವಧಿ ಮುಗಿದವನ್ನು ತಡಮಾಡದೆ ಬದಲಿಸಬೇಕು. ಡೇಜಿಯಾನ್‌ನಲ್ಲಿ ಬೆಂಕಿ ಹುಟ್ಟಿದ್ದು ಬ್ಯಾಟರಿಗಳಿಂದಲೇ ಎಂಬುದನ್ನು ನೆನೆಯುವುದು ಒಳ್ಳೆಯದು. ರಾತ್ರಿ ಬಾಗಿಲು ಹಾಕುವಾಗ ಅಗತ್ಯವಿಲ್ಲದ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ಕಡಿದುಹಾಕಬೇಕು. ಹಾಗೆಯೇ ಲಕ್ಷ್ಮೀಪೂಜೆಯ ನಂದಾದೀಪವನ್ನು ಉರಿಯಗೊಟ್ಟು ಅಂಗಡಿಗೆ ಬೀಗ ಹಾಕಿ ಹೋಗುವ ರೂಢಿಯನ್ನು ಮರುವಿಚಾರಿಸಬೇಕು. ದೀಪವನ್ನು ಕಾಯುವವರಿರುವ ಮನೆಯ ಜಗಲಿಯೇ ಅದಕ್ಕೆ ಯೋಗ್ಯವಾದ ತಾಣ.

ಬೆಂಕಿ ಆರಿಸುವ ಸಾಧನವೊಂದು ಕೈಗೆಟಕುವಂತಿರಲಿ. ವಿದ್ಯುತ್ ಹರಿಯುತ್ತಿರುವ ಯಂತ್ರದ ಮೇಲೆ ನೀರು ಸುರಿಯುವುದು ಪ್ರಾಣಾಪಾಯಕ್ಕೆ ದಾರಿ. ಪುಡಿ ಚಿಮ್ಮುವ ಸಾಧನ ಬೆಂಕಿಯನ್ನು ಆರಿಸುವುದಾದರೂ ಆ ಪುಡಿ ಯಂತ್ರದೊಳಗೆ ಕುಳಿತು ಅದನ್ನು ಕೆಡಿಸುತ್ತದೆ. ಗಣಕಯಂತ್ರಗಳಿರುವ ಕಡೆ ಇಂಗಾಲದ ಡೈಆಕ್ಸೈಡ್ ಅನಿಲದ ಸಾಧನ ಹೆಚ್ಚು ಯುಕ್ತ. ಚಿಕ್ಕ ಕೋಣೆಯಲ್ಲಿ ಅದನ್ನು ಬಳಸಿದೊಡನೆ ಹೊರಬರಬೇಕು, ಏಕೆಂದರೆ ಆ ಅನಿಲ ಉಸಿರಾಟಕ್ಕೆ ಅಪಾಯಕರ.

ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ೨೦೧೦ರ ಫೆಬ್ರುವರಿ ೨೩ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿಗಳ ಕಟ್ಟಡದಲ್ಲಿ ಬೆಂಕಿಯುಂಟಾಗಿ, ಹೊಗೆ ತುಂಬಿ, ಒಂಬತ್ತು ಮಂದಿ ಅಸುನೀಗಿದರು. ಲೆಕ್ಕ ಎಷ್ಟೇ ಅಮೂಲ್ಯವಾದರೂ ಅದಕ್ಕಾಗಿ ಉರಿಯುವ ಕಟ್ಟಡದೊಳಗೆ ಯಾರೂ ಕಾಲಿಡಬಾರದು, ಗುಮಾಸ್ತರನ್ನು ಕಳುಹಿಸಲೂ ಬಾರದು. ೧೧೨ಕ್ಕೆ ಕರೆ ಮಾಡಿ ಹೊರಗೆ ನಿಲ್ಲಬೇಕು. ಬೇರೆ ಊರಿನಲ್ಲಿ ಪ್ರತಿ ಇದೆಯೆಂಬ ನೆಮ್ಮದಿ ಇದ್ದವರಿಗೆ ಹೀಗೆ ಹೊರಗೆ ನಿಲ್ಲುವ ಧೈರ್ಯ ಬರುತ್ತದೆ. ಪ್ರತಿ ಇಲ್ಲದವರನ್ನು ಮೋಹ ಒಳಗೆಳೆಯುತ್ತದೆ. ಈ ದೃಷ್ಟಿಯಿಂದ ದೂರದ ಪ್ರತಿ ಲೆಕ್ಕದೊಡನೆ ಜೀವವನ್ನೂ ಉಳಿಸುತ್ತದೆಂದರೆ ಉತ್ಪ್ರೇಕ್ಷೆಯಾಗದು.

ಬೆಂಕಿ ಆರಿದ ಮೇಲೆ ಉಳಿದ ಯಂತ್ರವನ್ನು ಕುತೂಹಲದಿಂದ ಚಾಲೂ ಮಾಡಿ ನೋಡಬಾರದು. ಮಸಿ, ತೇವಗಳಿರುವಾಗ ವಿದ್ಯುತ್ ಹರಿಸಿದರೆ ಉಳಿದಿರಬಹುದಾದ ಮಾಹಿತಿಯೂ ನಾಶವಾಗುತ್ತದೆ. ಬಿಸಿಲಿಗಿಟ್ಟು ಒಣಗಿಸುವ ಪ್ರಯತ್ನವೂ ಬೇಡ. ಯಂತ್ರವನ್ನು ಹಾಗೆಯೇ ದತ್ತಾಂಶ ಮರಳಿ ಪಡೆಯುವ ಕೆಲಸ ಬಲ್ಲ ತಜ್ಞರಿಗೆ ಒಪ್ಪಿಸಬೇಕು. ತಿಜೋರಿಯನ್ನೂ ಅವಸರದಿಂದ ತೆರೆಯದೆ ಪೂರ್ತಿ ತಣಿಯುವವರೆಗೆ ಬಿಡಬೇಕು. ಒಳಗೆ ಬಿಸಿಯಾಗಿರುವ ಕಾಗದಕ್ಕೆ ಒಮ್ಮೆಲೆ ಗಾಳಿ ತಗುಲಿದರೆ ಹೊತ್ತಿಕೊಳ್ಳುವ ಸಂಭವವುಂಟು.

ಲೆಕ್ಕ ಯಾರದು?

ಇಷ್ಟೆಲ್ಲ ಶ್ರಮ ಏಕೆಂದು ಕೆಲವರು ಕೇಳಬಹುದು. ಸಲ್ಲಿಸಿದ ತೆರಿಗೆಯ ವಿವರ ಸರ್ಕಾರದ ಬಳಿ ಇದೆ, ಹಣ ಬಂದು ಹೋದ ವಿವರ ಬ್ಯಾಂಕಿನ ಬಳಿ ಇದೆ, ದೊಡ್ಡ ಕಂಪನಿಗಳಿಂದ ಕೊಂಡ ಸರಕಿನ ಬಿಲ್ಲು ಆ ಕಂಪನಿಗಳ ಬಳಿ ಇದೆ. ಇವನ್ನೆಲ್ಲ ತಡವಾಗಿಯಾದರೂ ಮರಳಿ ಪಡೆಯಬಹುದು. ನಿಜ. ಆದರೆ ಮತ್ತೆಲ್ಲಿಯೂ ದೊರೆಯದ ಲೆಕ್ಕವೊಂದು ನಮ್ಮ ಅಂಗಡಿಗಳಲ್ಲಿದೆ. ಮಾಲು ಹಾಕಿ ಅರ್ಧ ಹಣ ಪಡೆದು ಉಳಿದುದನ್ನು ಅಂಗಡಿಯಲ್ಲಿಯೇ ಬಿಟ್ಟುಹೋದ ರೈತನ ಬಾಕಿ, ಮದುವೆಯ ಬಟ್ಟೆಗೆಂದು ತಿಂಗಳು ತಿಂಗಳು ಮುಂಗಡ ಕಟ್ಟುತ್ತಿರುವ ತಾಯಿಯ ಹಣ, ಕೂಲಿಯವನ ಉಳಿದ ಸಂಬಳ, ನೆರೆಯವನ ಉದ್ರಿ ಇವುಗಳಿಗೆ ಒಂದು ಚೀಟಿಯೂ ಬಹಳ ಸಲ ಇರುವುದಿಲ್ಲ. ಅಂಗಡಿಯ ಲೆಕ್ಕವೇ ಅವುಗಳಿಗೆ ಏಕೈಕ ಆಧಾರ. ಬೆಂಕಿ ಸುಡುವುದು ಹೀಗೆ ಬೇರೆ ಯಾರ ಬಳಿಯೂ ಇಲ್ಲದ ದಾಖಲೆಯನ್ನೇ.

ಅಮೆರಿಕದ ಸೇಂಟ್ ಲೂಯಿಸ್ ನಗರದ ಸಮೀಪದ ಸರ್ಕಾರಿ ದಾಖಲೆ ಕೇಂದ್ರದಲ್ಲಿ ೧೯೭೩ರ ಜುಲೈ ೧೨ರಂದು ಬೆಂಕಿ ಬಿದ್ದು, ಸೈನಿಕರ ಸೇವಾ ದಾಖಲೆಗಳ ೧.೬ ರಿಂದ ೧.೮ ಕೋಟಿ ಕಡತಗಳು ನಾಶವಾದವು. ಅವುಗಳಿಗೆ ನಕಲಾಗಲಿ ಸೂಕ್ಷ್ಮಚಿತ್ರದ ಪ್ರತಿಯಾಗಲಿ ಇರಲಿಲ್ಲ. ಆ ಕಟ್ಟಡವನ್ನು ಒಮ್ಮೆಯೂ ಕಾಣದ ವೃದ್ಧ ಸೈನಿಕರೂ ಅವರ ವಿಧವೆಯರೂ ದಶಕಗಳ ಬಳಿಕವೂ ತಮಗೆ ಸಲ್ಲಬೇಕಾದ ಸೌಲಭ್ಯಕ್ಕಾಗಿ ಸೇವೆಯ ಸಾಕ್ಷ್ಯವನ್ನು ಬೇರೆಡೆ ಹುಡುಕಬೇಕಾಯಿತು. ಬೆಂಕಿ ಕಚೇರಿಯದಾದರೂ ಬೇಗೆಯನ್ನು ಅನುಭವಿಸಿದವರು ಅವರು.

ವ್ಯಾಪಾರಿಯ ಲೆಕ್ಕವೂ ಇಂಥದೇ. ಅದರ ಯಂತ್ರ ಅವನದಾದರೂ ಅದರೊಳಗಿನ ಅಂಕಿಗಳಲ್ಲಿ ಅರ್ಧ ಭಾಗ ಪರರ ನಂಬಿಕೆ. ಕೊಡಬೇಕಾದುದನ್ನು ಕೊಡುವ ಮನಸ್ಸಿದ್ದರೂ ಎಷ್ಟು ಕೊಡಬೇಕೆಂಬುದು ತಿಳಿಯದ ಸ್ಥಿತಿ ಸಜ್ಜನನಿಗೆ ಒದಗಬಾರದು. ಲೆಕ್ಕ ಸುಟ್ಟಿತೆಂಬ ಮಾತು ಸಾಲ ತೀರಿತೆಂಬ ಮಾತಾಗದು. ಆದುದರಿಂದ ಓದುಗ ಬಾಂಧವರು ಇಂದು ರಾತ್ರಿ ಅಂಗಡಿಯ ಬಾಗಿಲು ಹಾಕುವ ಮೊದಲು, ಈ ಕಟ್ಟಡ ನಾಳೆ ಇಲ್ಲವಾದರೆ ನಮ್ಮ ಲೆಕ್ಕದ ಪ್ರತಿ ಯಾವ ಊರಿನಲ್ಲಿ, ಯಾರ ಮನೆಯಲ್ಲಿ ಸಿಕ್ಕೀತು ಎಂದು ಗುಮಾಸ್ತರನ್ನೂ ಮನೆಯವರನ್ನೂ ಒಮ್ಮೆ ಕೇಳಿ ನೋಡಬೇಕು. ತಡವರಿಸದೆ ಉತ್ತರ ಬಂದರೆ ಸಂತೋಷ. ಬಾರದಿದ್ದರೆ ಈ ವಾರದ ರಜೆಯ ದಿನವೇ ಒಂದು ಡಿಸ್ಕು ಊರು ಬಿಡಲಿ.